ಹುಣ್ಣಿಮೆಯ ಬಲಿಪಶು: ತೋಳಮಾನವನನ್ನು ಹೆತ್ತದ್ದು ಜಾನಪದವಲ್ಲ, ಸಿನಿಮಾ

ಹುಣ್ಣಿಮೆಯ ರಾತ್ರಿ ಮನುಷ್ಯನೊಬ್ಬ ತೋಳವಾಗುತ್ತಾನೆ. ಅವನು ಯಾರನ್ನು ಕಚ್ಚುತ್ತಾನೋ ಅವರೂ ಮುಂದಿನ ಹುಣ್ಣಿಮೆಗೆ ತೋಳವಾಗುತ್ತಾರೆ. ಬೆಳ್ಳಿಯ ಗುಂಡಿನ ಹೊರತು ಬೇರಾವುದರಿಂದಲೂ ಅವನಿಗೆ ಸಾವಿಲ್ಲ. ಇಂಗ್ಲಿಷ್ ಚಿತ್ರಗಳನ್ನು ಅಷ್ಟಿಷ್ಟು ನೋಡಿದ ಯಾರನ್ನು ಕೇಳಿದರೂ ತೋಳಮಾನವನ ಬಗ್ಗೆ ಈ ಮೂರು ಸಂಗತಿಗಳನ್ನು ತಡವರಿಸದೆ ಹೇಳಿಯಾರು. ಯುರೋಪಿನ ಹಳ್ಳಿಗಳಲ್ಲಿ ಅಜ್ಜಿಯರು ಶತಮಾನಗಳಿಂದ ಹೇಳಿಕೊಂಡು ಬಂದ ಕಥೆಯಿದು ಎಂಬ ನಂಬಿಕೆಯೂ ಅದರ ಜೊತೆಗೇ ಇರುತ್ತದೆ.

ವಾಸ್ತವ ಹಾಗಿಲ್ಲ. ಈ ನಿಯಮಗಳ ಚೂರುಪಾರು ಅಲ್ಲಲ್ಲಿ ಜಾನಪದದಲ್ಲಿ ಚದುರಿದ್ದವು ಎಂಬುದು ನಿಜವಾದರೂ, ಅವು ಒಂದು ಕಟ್ಟಾಗಿ ಕೂಡಿಕೊಂಡದ್ದು 1935ರಿಂದ 1944ರ ನಡುವಿನ ಅವಧಿಯಲ್ಲಿ; ಅದೂ ಹಾಲಿವುಡ್‌ನ ಒಂದೇ ಸಂಸ್ಥೆಯಾದ ಯೂನಿವರ್ಸಲ್ ಸ್ಟುಡಿಯೋದ ಚಿತ್ರಗಳಲ್ಲಿ. ಡ್ರಾಕುಲಾನಿಗೆ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಆಧಾರವಿದೆ. ಫ್ರಾಂಕನ್‌ಸ್ಟೈನ್‌ನ ವಿಕಾರರೂಪಿಗೆ ಮೇರಿ ಶೆಲ್ಲಿಯ 1818ರ ಕೃತಿಯಿದೆ. ತೋಳಮಾನವನಿಗೆ ಅಂಥ ಮೂಲಗ್ರಂಥವಿಲ್ಲ. ಭಯಾನಕ ಚಿತ್ರಗಳ ಮೂವರು ಪ್ರಮುಖರ ಪೈಕಿ ಸಿನಿಮಾ ತಾನೇ ಹೆತ್ತು ಸಾಕಿದ ಕೂಸು ಅವನೊಬ್ಬನೇ ಎನ್ನಬಹುದು.

ಸಿನಿಮಾ ಅವನಲ್ಲಿ ಮಾಡಿದ ನಿಜವಾದ ಬದಲಾವಣೆ ಬೆಳ್ಳಿ, ಹುಣ್ಣಿಮೆಗಳಿಗಿಂತ ದೊಡ್ಡದು. ಹಳೆಯ ತೋಳಮಾನವ ಅಪರಾಧಿಯಾಗಿದ್ದ. ಸಿನಿಮಾದ ತೋಳಮಾನವ ಬಲಿಪಶು.

ಸೈತಾನನ ಸೊಂಟಪಟ್ಟಿ

ಗ್ರೀಕ್ ಪುರಾಣದ ಲೈಕಾನ್ ಎಂಬ ಅರಸ ದೇವರಾಜ ಜ್ಯೂಸ್‌ನಿಗೆ ನರಮಾಂಸ ಬಡಿಸಲು ಹೋಗಿ ತೋಳವಾದ. ರೋಮನ್ ಕವಿ ಓವಿಡ್ ಈ ಕಥೆಯನ್ನು ಹೇಳಿದ್ದಾನೆ. ಪೆಟ್ರೋನಿಯಸ್ ಎಂಬ ಮತ್ತೊಬ್ಬ ರೋಮನ್ ಲೇಖಕನ ಕೃತಿಯಲ್ಲಿ ಸೈನಿಕನೊಬ್ಬ ಬೆಳದಿಂಗಳಲ್ಲಿ ಬಟ್ಟೆ ಕಳಚಿಟ್ಟು ತೋಳವಾಗುವ ಪ್ರಸಂಗವಿದೆ. ಆದರೆ ಅಲ್ಲಿ ಬೆಳದಿಂಗಳಿರುವುದು ದಾರಿ ಕಾಣಲೆಂದೇ ವಿನಾ ಅವನನ್ನು ತೋಳವಾಗಿಸಲೆಂದಲ್ಲ.

ಹದಿನಾರನೇ ಶತಮಾನದ ಯುರೋಪಿನಲ್ಲಿ ಈ ಕಥೆ ನ್ಯಾಯಾಲಯದ ಮೆಟ್ಟಿಲೇರಿತು. ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟ ಕಾಲವದು. ತೋಳಮಾನವರೆಂದು ಗಂಡಸರನ್ನೂ ಕೊಂದರು. ಜರ್ಮನಿಯ ಕಲೋನ್ ಸಮೀಪದ ಬೆಡ್‌ಬರ್ಗ್‌ನಲ್ಲಿ 1589ರಲ್ಲಿ ಪೀಟರ್ ಸ್ಟುಂಪ್ ಎಂಬ ರೈತನಿಗೆ ಅತಿ ಕ್ರೂರ ಮರಣದಂಡನೆ ವಿಧಿಸಲಾಯಿತು. ಸೈತಾನನೇ ತನಗೊಂದು ಸೊಂಟಪಟ್ಟಿ ಕೊಟ್ಟಿದ್ದನೆಂದೂ, ಅದನ್ನು ಧರಿಸಿದಾಗ ತೋಳವಾಗಿ ಮಕ್ಕಳನ್ನು ಕೊಂದು ತಿನ್ನುತ್ತಿದ್ದೆನೆಂದೂ ಅವನು ತಪ್ಪೊಪ್ಪಿಕೊಂಡಿದ್ದ. ಚಿತ್ರಹಿಂಸೆಯ ಯಂತ್ರದ ಮುಂದೆ ನಿಲ್ಲಿಸಿ ಪಡೆದ ತಪ್ಪೊಪ್ಪಿಗೆಗೆ ಎಷ್ಟು ಬೆಲೆ ಎಂಬುದನ್ನು ಓದುಗರೇ ಊಹಿಸಬಹುದು. ಇಲ್ಲಿ ಗಮನಿಸಬೇಕಾದದ್ದು ಸೊಂಟಪಟ್ಟಿಯನ್ನು. ಪಟ್ಟಿ ಕಟ್ಟಿಕೊಳ್ಳುವುದು ಇಲ್ಲವೇ ಬಿಡುವುದು ಅವನ ಇಚ್ಛೆ. ಹಳೆಯ ವಿಚಾರಣೆಗಳ ತೋಳಮಾನವ ಬಯಸಿ ತೋಳವಾದವನು. ಆದ್ದರಿಂದಲೇ ಅವನಿಗೆ ಶಿಕ್ಷೆ.

ಬೆಳ್ಳಿಗುಂಡಿನ ವಿಷಯಕ್ಕೆ ಬಂದರೆ, ಫ್ರಾನ್ಸ್‌ನ ಜೆವೋದಾನ್ ಪ್ರದೇಶದಲ್ಲಿ 1764ರಿಂದ 1767ರವರೆಗೆ ಸುಮಾರು ನೂರು ಜನರನ್ನು ಕೊಂದ ಮೃಗವೊಂದನ್ನು ಜ್ಯಾನ್ ಶಾಸ್ತೆಲ್ ಎಂಬ ಬೇಟೆಗಾರ ಬೆಳ್ಳಿಗುಂಡಿನಿಂದ ಹೊಡೆದನೆಂಬ ಕಥೆಯನ್ನು ಆಗಾಗ ಉದಾಹರಿಸಲಾಗುತ್ತದೆ. ಶಾಸ್ತೆಲ್ ಮೃಗವನ್ನು ಹೊಡೆದದ್ದು ದಾಖಲಾಗಿದೆ. ಬೆಳ್ಳಿಯನ್ನು ಸೇರಿಸಿದವರು ಬಹುಕಾಲದ ನಂತರದ ಬರಹಗಾರರು. ಇದೇ ಪ್ರಕರಣ 2001ರಲ್ಲಿ ಕ್ರಿಸ್ಟೋಫ್ ಗಾನ್ಸ್ ನಿರ್ದೇಶನದ 'ಬ್ರದರ್‌ಹುಡ್ ಆಫ್ ದ ವುಲ್ಫ್' ಎಂಬ ಫ್ರೆಂಚ್ ಚಿತ್ರವಾಯಿತು.

ಕಂಬಗಳ ಮರೆಯಲ್ಲಿ

ಬೆಳ್ಳಿತೆರೆಯ ಮೇಲೆ ತೋಳಮಾನವ ಮೊದಲು ಬಂದಾಗ ಅವನು ಗಂಡಸೇ ಆಗಿರಲಿಲ್ಲ! ಹೆನ್ರಿ ಮೆಕ್ರೇ ನಿರ್ದೇಶಿಸಿದ 1913ರ 'ದ ವೇರ್‌ವುಲ್ಫ್' ಎಂಬ ಮೂಕಿ ಕಿರುಚಿತ್ರದಲ್ಲಿ ಬಿಳಿಯರ ಮೇಲೆ ಹಗೆ ತೀರಿಸಿಕೊಳ್ಳಲು ತೋಳವಾಗುವವಳು ನವಾಹೋ ಬುಡಕಟ್ಟಿನ ಯುವತಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ನಂತರದ 'ವುಲ್ಫ್ ಬ್ಲಡ್' 1925ರದು. ತೋಳದ ರಕ್ತವನ್ನು ದೇಹಕ್ಕೆ ಏರಿಸಿಕೊಂಡ ಮರದ ವ್ಯಾಪಾರದ ಮೇಲ್ವಿಚಾರಕನ ಕಥೆ. ಉಳಿದುಬಂದಿದೆ ಎಂಬುದರ ಹೊರತು ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಯೂನಿವರ್ಸಲ್ ಸಂಸ್ಥೆ 1935ರಲ್ಲಿ ತೆರೆಗೆ ತಂದ 'ವೇರ್‌ವುಲ್ಫ್ ಆಫ್ ಲಂಡನ್' ಈ ಬಗೆಯ ಮೊದಲ ಪೂರ್ಣಪ್ರಮಾಣದ ಹಾಲಿವುಡ್ ಚಿತ್ರ. ಬೆಳದಿಂಗಳಲ್ಲಿ ಮಾತ್ರ ಅರಳುವ ಹೂವೊಂದನ್ನು ಹುಡುಕಿಕೊಂಡು ಸಸ್ಯವಿಜ್ಞಾನಿಯೊಬ್ಬ ಟಿಬೆಟ್‌ಗೆ ಹೋಗುತ್ತಾನೆ. (ಟಿಬೆಟ್ ಎಂದು ತೋರಿಸಿರುವುದು ಕ್ಯಾಲಿಫೋರ್ನಿಯಾದ ಬಂಡೆಗಳನ್ನು.) ಅಲ್ಲಿ ಅವನನ್ನು ವಿಚಿತ್ರ ಪ್ರಾಣಿಯೊಂದು ಕಚ್ಚುತ್ತದೆ. ಕಚ್ಚಿದರೆ ಅಂಟುತ್ತದೆ ಎಂಬ ನಿಯಮವೂ, ಹುಣ್ಣಿಮೆಗೆ ರೂಪ ಬದಲಾಗುತ್ತದೆ ಎಂಬ ನಿಯಮವೂ ತೆರೆಯ ಮೇಲೆ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಇಲ್ಲಿ. ಬೆಳ್ಳಿ ಇನ್ನೂ ಬಂದಿರಲಿಲ್ಲ. ಕೊನೆಯಲ್ಲಿ ನಾಯಕ ಸಾಯುವುದು ಸಾಧಾರಣ ಗುಂಡಿಗೆ.

ಈ ಚಿತ್ರದ ಒಂದು ದೃಶ್ಯವನ್ನು ಇಂದಿಗೂ ಮೆಚ್ಚಬೇಕು. ನಟ ಹೆನ್ರಿ ಹಲ್ ಸಾಲುಕಂಬಗಳ ಹಿಂದೆ ನಡೆಯುತ್ತಾನೆ. ಒಂದೊಂದು ಕಂಬದ ಮರೆಯಿಂದ ಹೊರಬರುವಾಗಲೂ ಅವನ ಮುಖದ ಮೇಲೆ ಕೂದಲು ಹೆಚ್ಚಾಗಿರುತ್ತದೆ, ಹಲ್ಲು ಉದ್ದವಾಗಿರುತ್ತದೆ. ಕಂಬ ಕ್ಯಾಮೆರಾವನ್ನು ಮರೆಮಾಡಿದ ಕ್ಷಣದಲ್ಲಿ ಚಿತ್ರೀಕರಣ ನಿಲ್ಲಿಸಿ, ಪ್ರಸಾಧನ ಮುಂದುವರಿಸಿ, ಎರಡು ತುಣುಕುಗಳನ್ನು ಅದೇ ಜಾಗದಲ್ಲಿ ಬೆಸೆಯಲಾಗಿದೆ. ಈ ಉಪಾಯದ ಹಿಂದಿದ್ದ ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್. ಗ್ರೀಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಪಿಯರ್ಸ್ ಅದಾಗಲೇ 1931ರ 'ಫ್ರಾಂಕನ್‌ಸ್ಟೈನ್', 1932ರ 'ದ ಮಮ್ಮಿ' ಚಿತ್ರಗಳಿಗೆ ಮುಖ ಕೊಟ್ಟಿದ್ದ. ಹಲ್‌ಗೆ ಅವನು ಯೋಜಿಸಿದ್ದ ದಟ್ಟ ಕೂದಲಿನ ಮುಖ ಆಗ ಬಳಕೆಯಾಗಲಿಲ್ಲ. ಅದು ಆರು ವರ್ಷ ಕಾಯಬೇಕಾಯಿತು.

ದೇಶಬಿಟ್ಟವನ ಲೇಖನಿ

ಕರ್ಟ್ ಸಿಯೋಡ್ಮಾಕ್ 1902ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಯಹೂದಿ ಕುಟುಂಬದಲ್ಲಿ ಜನಿಸಿದ ಬರಹಗಾರ. ಅವನ ಅಣ್ಣ ರಾಬರ್ಟ್ ಸಿಯೋಡ್ಮಾಕ್ ಮುಂದೆ ಹಾಲಿವುಡ್‌ನ ಹೆಸರಾಂತ ಅಪರಾಧಚಿತ್ರಗಳ ನಿರ್ದೇಶಕನಾದ. ಹಿಟ್ಲರ್ ಅಧಿಕಾರಕ್ಕೆ ಬಂದು, ಚಿತ್ರರಂಗದಲ್ಲಿ ಯಹೂದಿಗಳಿಗೆ ಸ್ಥಾನವಿಲ್ಲ ಎಂಬುದು ಖಚಿತವಾದಾಗ ಕರ್ಟ್ ದೇಶ ಬಿಟ್ಟ. ಇಂಗ್ಲೆಂಡ್‌ನಲ್ಲಿ ಕೆಲಕಾಲವಿದ್ದು 1937ರಲ್ಲಿ ಅಮೆರಿಕ ತಲುಪಿದ. ಹೊಸ ಭಾಷೆಯಲ್ಲಿ, ಸಂಬಳಕ್ಕೆ, ಕೊಟ್ಟ ಶೀರ್ಷಿಕೆಗೆ ಕಥೆ ಬರೆಯುವ ಕೆಲಸ. 'ದ ವುಲ್ಫ್ ಮ್ಯಾನ್' ಅಂಥ ಒಂದು ಶೀರ್ಷಿಕೆ.

ಕಥೆ ಹೀಗಿದೆ. ಲ್ಯಾರಿ ಟಾಲ್ಬಟ್ ಹಲವು ವರ್ಷ ಅಮೆರಿಕದಲ್ಲಿದ್ದು, ಅಣ್ಣ ತೀರಿಕೊಂಡ ಮೇಲೆ ವೇಲ್ಸ್‌ನ ತನ್ನ ಪೂರ್ವಜರ ಮನೆಗೆ ಮರಳುತ್ತಾನೆ. ಅಂಗಡಿಯೊಂದರಲ್ಲಿ ತೋಳದ ತಲೆಯ ಬೆಳ್ಳಿಹಿಡಿಯ ಊರುಗೋಲನ್ನು ಕೊಳ್ಳುತ್ತಾನೆ. ಅದೇ ರಾತ್ರಿ ಕಾಡಿನಲ್ಲಿ ಯುವತಿಯೊಬ್ಬಳ ಮೇಲೆ ತೋಳ ಎರಗಿದಾಗ ಅವಳನ್ನು ಉಳಿಸಲು ಧಾವಿಸಿ, ಊರುಗೋಲಿನಿಂದಲೇ ಅದನ್ನು ಬಡಿದು ಕೊಲ್ಲುತ್ತಾನೆ, ಆದರೆ ಕಚ್ಚಿಸಿಕೊಳ್ಳುತ್ತಾನೆ. ಬೆಳಗ್ಗೆ ನೋಡಿದರೆ ಸತ್ತು ಬಿದ್ದಿರುವುದು ತೋಳವಲ್ಲ, ಕಣಿ ಹೇಳುವ ಅಲೆಮಾರಿ. ಅಲ್ಲಿಂದ ಮುಂದೆ ಲ್ಯಾರಿಯೇ ತೋಳ. ಗಮನಿಸಿ: ಅವನು ಮಾಡಿದ್ದು ಪರೋಪಕಾರ. ನಮ್ಮ ಪುರಾಣದ ನಹುಷನಿಗೆ ಹೆಬ್ಬಾವಾಗುವ ಶಾಪ ತಟ್ಟಿದ್ದು ಋಷಿಯನ್ನು ಅವಮಾನಿಸಿದ್ದಕ್ಕೆ. ಲ್ಯಾರಿಗೆ ಅಂಥ ಕಾರಣವೂ ಇಲ್ಲ. ಊರವರು ಅವನನ್ನು ಅನುಮಾನದಿಂದ ನೋಡತೊಡಗುತ್ತಾರೆ. ತನ್ನನ್ನು ಕಟ್ಟಿಹಾಕಿ ಎಂದು ಅವನೇ ಅಂಗಲಾಚುತ್ತಾನೆ. ಕೊನೆಗೆ ಅವನ ತಂದೆಯೇ ಅದೇ ಬೆಳ್ಳಿಯ ಊರುಗೋಲಿನಿಂದ ತೋಳವನ್ನು ಹೊಡೆದು ಕೊಲ್ಲುತ್ತಾನೆ. ಸತ್ತ ಮೃಗದ ಮುಖ ನಿಧಾನವಾಗಿ ಮಗನ ಮುಖವಾಗುವುದನ್ನು ನೋಡುತ್ತ ನಿಲ್ಲುತ್ತಾನೆ.

ತೋಳಮಾನವನಿಗೆ ತನ್ನ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರವೊಂದು ಕಾಣುತ್ತದೆ ಎಂಬುದು ಸಿಯೋಡ್ಮಾಕ್‌ನ ಕಲ್ಪನೆ. ಚಿತ್ರ ತಯಾರಾದ 1941ರ ಸೆಪ್ಟೆಂಬರ್‌ನಲ್ಲೇ ಜರ್ಮನಿಯ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂಬ ಆಜ್ಞೆ ಜಾರಿಯಾಯಿತು. ಅಲ್ಲಿ ಆರು ಮೂಲೆ, ಇಲ್ಲಿ ಐದು. ಎರಡನ್ನೂ ನೇರವಾಗಿ ಗಂಟುಹಾಕುವುದು ಅತಿಯಾದೀತು. ಆದರೆ ನೆರೆಹೊರೆಯವರು ರಾತ್ರೋರಾತ್ರಿ ಬೇಟೆಗಾರರಾದದ್ದನ್ನು ಕಂಡು ಬಂದವನೊಬ್ಬ ಈ ಕಥೆ ಬರೆದ ಎಂಬುದನ್ನು ಮರೆಯುವಂತಿಲ್ಲ. ತಾನು ಬಯಸದ ವಿಧಿಯೊಂದು ತನ್ನ ಮೇಲೆ ಬಿದ್ದಂತೆ ಲ್ಯಾರಿಯ ಮೇಲೂ ಬಿತ್ತು ಎಂಬರ್ಥದ ಮಾತನ್ನು ಸಿಯೋಡ್ಮಾಕ್ ವೃದ್ಧಾಪ್ಯದಲ್ಲಿ ತಾನೇ ಆಡಿದ್ದ. ಆತ ನಿಧನನಾದದ್ದು 2000ದಲ್ಲಿ, 98ನೆಯ ವಯಸ್ಸಿನಲ್ಲಿ.

ಸಿಯೋಡ್ಮಾಕ್‌ನ ಮೊದಲ ಕರಡಿನಲ್ಲಿ ಲ್ಯಾರಿ ನಿಜಕ್ಕೂ ತೋಳವಾಗುತ್ತಾನೋ ಅಥವಾ ಹಾಗೆಂದು ಭ್ರಮಿಸುತ್ತಾನೋ ಎಂಬುದು ಸ್ಪಷ್ಟವಿರಲಿಲ್ಲ. ಸ್ಟುಡಿಯೋದವರಿಗೆ ಅದು ಹಿಡಿಸಲಿಲ್ಲ. ಟಿಕೆಟ್ ಕೊಂಡವನಿಗೆ ತೋಳ ಕಾಣಬೇಡವೇ? ವ್ಯಾಪಾರದ ಲೆಕ್ಕದಿಂದ ಹುಟ್ಟಿದ ಆ ಒತ್ತಾಯವೇ ಪಿಯರ್ಸ್‌ನ ಕೈಗೆ ಕೆಲಸ ಕೊಟ್ಟಿತು.

ಇನ್ನೊಂದು ಸ್ವಾರಸ್ಯ. ಚಿತ್ರದಲ್ಲಿ ಪಾತ್ರಗಳು ಮತ್ತೆ ಮತ್ತೆ ಹೇಳುವ ನಾಲ್ಕು ಸಾಲಿನ ಪದ್ಯವೊಂದಿದೆ. ಪ್ರಾಚೀನ ಜನಪದ ಗೀತೆಯೆಂದು ಎಷ್ಟೋ ಜನ ನಂಬಿಕೊಂಡಿದ್ದ ಅದನ್ನು ಹೊಸೆದವನು ಸಿಯೋಡ್ಮಾಕ್. ಮೂಲದಲ್ಲಿ ಅದು ಶರತ್ಕಾಲದ ಚಂದ್ರನ ಮಾತಾಡುತ್ತದೆಯೇ ಹೊರತು ಹುಣ್ಣಿಮೆಯದಲ್ಲ. 1943ರ ಮುಂದಿನ ಭಾಗ 'ಫ್ರಾಂಕನ್‌ಸ್ಟೈನ್ ಮೀಟ್ಸ್ ದ ವುಲ್ಫ್ ಮ್ಯಾನ್'ನಲ್ಲಿ ಪದ್ಯವನ್ನು ತಿದ್ದಿ ಹುಣ್ಣಿಮೆಯನ್ನು ಸೇರಿಸಲಾಯಿತು. ಸತ್ತ ಲ್ಯಾರಿ ಎದ್ದು ಕೂರುವುದೂ ಸಮಾಧಿಯೊಳಗೆ ಹುಣ್ಣಿಮೆಯ ಬೆಳಕು ಬಿದ್ದಾಗಲೇ. ಬೆಳ್ಳಿಯ ಊರುಗೋಲು ಬೆಳ್ಳಿಯ ಗುಂಡಾದದ್ದು 1944ರ 'ಹೌಸ್ ಆಫ್ ಫ್ರಾಂಕನ್‌ಸ್ಟೈನ್'ನಲ್ಲಿ. ನಿಯಮಾವಳಿ ಪೂರ್ಣಗೊಂಡದ್ದು ಹೀಗೆ, ಕಂತು ಕಂತಿನಲ್ಲಿ.

ಯಾಕ್ ಕೂದಲು, ನಿಶ್ಚಲ ಕ್ಯಾಮೆರಾ

'ದ ವುಲ್ಫ್ ಮ್ಯಾನ್' ಬಿಡುಗಡೆಯಾದದ್ದು 1941ರ ಡಿಸೆಂಬರ್ 12ರಂದು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ನಡೆಸಿ ಐದೇ ದಿನವಾಗಿತ್ತು. ಯುದ್ಧದ ಸುದ್ದಿಯ ನಡುವೆ ಇಂಥ ಚಿತ್ರವನ್ನು ಯಾರು ನೋಡಿಯಾರು ಎಂಬ ಅಂಜಿಕೆ ಹುಸಿಯಾಯಿತು; ಚಿತ್ರ ಗೆದ್ದಿತು. ಲ್ಯಾರಿಯ ಪಾತ್ರಧಾರಿ ಲಾನ್ ಚೇನಿ ಜೂನಿಯರ್ 1948ರವರೆಗೆ ಐದು ಚಿತ್ರಗಳಲ್ಲಿ ಆ ಪಾತ್ರ ನಿರ್ವಹಿಸಿದ. ಮೂಕಿ ಯುಗದಲ್ಲಿ ಸಾವಿರ ಮುಖಗಳ ನಟನೆಂದು ಹೆಸರಾಗಿದ್ದ ಅವನ ತಂದೆ ಲಾನ್ ಚೇನಿ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಮಗನ ಕಾಲಕ್ಕೆ ಪ್ರಸಾಧನಕಾರರ ಸಂಘದ ನಿಯಮಗಳು ಬಿಗಿಯಾಗಿದ್ದವು. ಪಿಯರ್ಸ್‌ನ ಕುರ್ಚಿಯಲ್ಲಿ ಕೂರದೆ ಗತ್ಯಂತರವಿರಲಿಲ್ಲ.

ಆ ಕುರ್ಚಿಯಲ್ಲಿ ನಡೆಯುತ್ತಿದ್ದದ್ದೇನು? ರಬ್ಬರಿನ ಮೂಗನ್ನು ಅಂಟಿಸಿ, ಯಾಕ್ ಪ್ರಾಣಿಯ ಕೂದಲನ್ನು ಅಂಟಿನಿಂದ ಎಳೆ ಎಳೆಯಾಗಿ ಮುಖಕ್ಕೆ ಹಚ್ಚುವುದು. ನಂತರ ಸಹಜವಾಗಿ ಕಾಣಲೆಂದು ಬಿಸಿಯಿಂದ ಅದನ್ನು ಸುಟ್ಟು ಮುರುಟಿಸುವುದು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ರೂಪಾಂತರದ ದೃಶ್ಯವಂತೂ ಮತ್ತೂ ಕಠಿಣ. ನಟ ಒಂದಿಂಚೂ ಅಲುಗದಂತೆ ಇರಬೇಕು, ಕ್ಯಾಮೆರಾವೂ ಕದಲಬಾರದು. ಕೆಲವು ಅಡಿ ಫಿಲ್ಮ್ ಓಡಿಸಿ, ನಿಲ್ಲಿಸಿ, ಇನ್ನಷ್ಟು ಕೂದಲು ಹಚ್ಚಿ, ನಟನನ್ನು ಅದೇ ಸ್ಥಾನದಲ್ಲಿ ಕೂರಿಸಿ ಮತ್ತೆ ಕೆಲವು ಅಡಿ. ಆಮೇಲೆ ಒಂದು ಚಿತ್ರ ಕರಗುತ್ತಿರುವಾಗಲೇ ಮುಂದಿನದು ಮೂಡುವಂತೆ ಅವನ್ನೆಲ್ಲ ಹೊಂದಿಸುವುದು. ಕದಲದಿರಲೆಂದು ತನ್ನ ಬೆರಳಿನ ಚರ್ಮಕ್ಕೆ ಸಣ್ಣ ಮೊಳೆ ಹೊಡೆಯುತ್ತಿದ್ದರು ಎಂದು ಚೇನಿ ಹೇಳಿಕೊಳ್ಳುತ್ತಿದ್ದ. ಇದರಲ್ಲಿ ಪ್ರಚಾರ ವಿಭಾಗದ ಒಗ್ಗರಣೆ ಎಷ್ಟೆಂದು ಅನುಮಾನಿಸುವುದೇ ಲೇಸು.

ಇಷ್ಟಾಗಿಯೂ ಮೊದಲ ಚಿತ್ರದಲ್ಲಿ ಮನುಷ್ಯ ತೋಳವಾಗುವಾಗ ಮುಖ ಕಾಣುವುದೇ ಇಲ್ಲ; ಕಾಣುವುದು ಪಾದಗಳು ಮಾತ್ರ. ಮುಖದ ಬದಲಾವಣೆಯನ್ನು ಒಮ್ಮೆ ಮಾತ್ರ, ಅದೂ ಸತ್ತ ಮೇಲೆ ತೋಳ ಮನುಷ್ಯನಾಗುವಾಗ ತೋರಿಸಲಾಗಿದೆ. ಈ ಜಿಪುಣತನವೇ ಆ ದೃಶ್ಯಕ್ಕೆ ಬಲ ತಂದಿದೆ ಎಂಬುದು ಈ ಲೇಖಕನ ಅನಿಸಿಕೆ.

ಪಿಯರ್ಸ್‌ನ ಅಂತ್ಯ ಮಾತ್ರ ಸುಖಕರವಲ್ಲ. ನಿಧಾನದ ಕೈಕೆಲಸಕ್ಕಿಂತ ಅಚ್ಚಿನಲ್ಲಿ ಎರಕ ಹೊಯ್ದ ರಬ್ಬರಿನ ಮುಖವಾಡಗಳು ಅಗ್ಗ ಮತ್ತು ಶೀಘ್ರ ಎಂದು ಸ್ಟುಡಿಯೋಗಳು ಕಂಡುಕೊಂಡವು. 1940ರ ದಶಕ ಮುಗಿಯುವ ಮುನ್ನವೇ ಯೂನಿವರ್ಸಲ್ ಅವನನ್ನು ಕೈಬಿಟ್ಟಿತು. ಕಡಿಮೆ ಬಜೆಟ್ಟಿನ ಚಿತ್ರಗಳು, ಮಾತಾಡುವ ಕುದುರೆಯ 'ಮಿಸ್ಟರ್ ಎಡ್' ಟಿವಿ ಧಾರಾವಾಹಿ ಎಂದು ಎಲ್ಲೆಲ್ಲೋ ದುಡಿದು 1968ರಲ್ಲಿ ಅವನು ತೀರಿಕೊಂಡಾಗ ಚಿತ್ರರಂಗ ಅವನನ್ನು ಹೆಚ್ಚುಕಡಿಮೆ ಮರೆತಿತ್ತು.

ನಗೆಪಾಟಲಿನ ವರ್ಷಗಳು

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯಿದೆ. 1948ರಲ್ಲಿ ಅಬಟ್ ಮತ್ತು ಕಾಸ್ಟೆಲೋ ಎಂಬ ಹಾಸ್ಯಜೋಡಿಯ ಚಿತ್ರದಲ್ಲಿ ಲ್ಯಾರಿ ಟಾಲ್ಬಟ್ ಕಾಣಿಸಿಕೊಂಡ ಬಳಿಕ ತೋಳಮಾನವ ಹೆದರಿಸುವುದಕ್ಕಿಂತ ನಗಿಸಿದ್ದೇ ಹೆಚ್ಚು. 1957ರ 'ಐ ವಾಸ್ ಎ ಟೀನೇಜ್ ವೇರ್‌ವುಲ್ಫ್'ನಲ್ಲಿ ಅವನು ಶಾಲಾ ಹುಡುಗ. ಅವನನ್ನು ಕೆಡಿಸುವುದು ಶಾಪವಲ್ಲ, ಮನೋವೈದ್ಯನ ಸಂಮೋಹನ. ಶೀರ್ಷಿಕೆ ಕೇಳಿ ನಕ್ಕವರೂ ಹದಿಹರೆಯದವರ ಸಿಟ್ಟನ್ನು ಅದು ಹಿಡಿದ ಬಗೆಯನ್ನು ಆಮೇಲೆ ಒಪ್ಪಿಕೊಂಡರು. ಬ್ರಿಟನ್‌ನ ಹ್ಯಾಮರ್ ಸಂಸ್ಥೆ 1961ರಲ್ಲಿ ಟೆರೆನ್ಸ್ ಫಿಷರ್ ನಿರ್ದೇಶನದಲ್ಲಿ, ಆಲಿವರ್ ರೀಡ್ ನಾಯಕತ್ವದಲ್ಲಿ 'ದ ಕರ್ಸ್ ಆಫ್ ದ ವೇರ್‌ವುಲ್ಫ್' ತಯಾರಿಸಿತು. ಗೈ ಎಂಡೋರ್‌ನ 1933ರ ಕಾದಂಬರಿಯಲ್ಲಿ ಕಥೆ ನಡೆಯುವುದು ಪ್ಯಾರಿಸ್‌ನಲ್ಲಿ. ಬೇರೊಂದು ಚಿತ್ರಕ್ಕೆಂದು ಹಾಕಿದ್ದ ಸ್ಪೇನ್‌ನ ಸೆಟ್‌ಗಳು ವ್ಯರ್ಥವಾಗಬಾರದೆಂದು ಇಡೀ ಕಥೆಯನ್ನೇ ಸ್ಪೇನ್‌ಗೆ ಸಾಗಿಸಲಾಯಿತು!

ನಿಜವಾದ ಸ್ಪೇನ್‌ನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪಾಲ್ ನಾಶಿ ಎಂಬ ಹೆಸರಿನಲ್ಲಿ ನಟಿಸುತ್ತಿದ್ದ ಹಾಸಿಂತೋ ಮೊಲಿನಾ 1968ರಿಂದ ಸುಮಾರು ಒಂದು ಡಜನ್ ಚಿತ್ರಗಳಲ್ಲಿ ತೋಳಮಾನವನಾದ. ಆ ಪಾತ್ರದ ಹೆಸರು ವಾಲ್ಡೆಮಾರ್ ಡನಿನ್‌ಸ್ಕಿ, ಪೋಲೆಂಡಿನವನು. ಕಾರಣ, ಸ್ಪೇನ್‌ನ ಪ್ರಜೆಯೊಬ್ಬ ತೋಳಮಾನವನಾಗುವುದನ್ನು ಸರ್ವಾಧಿಕಾರಿ ಫ್ರಾಂಕೋನ ಸೆನ್ಸಾರ್ ಮಂಡಳಿ ಒಪ್ಪಲಿಲ್ಲವಂತೆ.

1981: ದೀಪದ ಬೆಳಕಿನಲ್ಲೇ

ನಿರ್ದೇಶಕ ಜಾನ್ ಲ್ಯಾಂಡಿಸ್ ತನ್ನ ತೋಳಮಾನವ ಚಿತ್ರಕಥೆಯನ್ನು 1969ರಲ್ಲೇ, ಇನ್ನೂ ಹದಿಹರೆಯ ದಾಟುವ ಮೊದಲೇ ಬರೆದಿಟ್ಟಿದ್ದ. ರೂಪಾಂತರದ ದೃಶ್ಯ ಕತ್ತಲಲ್ಲಿ, ಮರೆಯಲ್ಲಿ, ಕರಗುವ ಚಿತ್ರಗಳಲ್ಲಿ ನಡೆಯಕೂಡದು. ಪೂರ್ಣ ಬೆಳಕಿನಲ್ಲಿ, ನೋವಿನೊಂದಿಗೆ ನಡೆಯಬೇಕು ಎಂಬುದು ಅವನ ಹಟ. ಅದನ್ನು ಮಾಡಿಕೊಡಲು ಅವನು ಯುವ ಪ್ರಸಾಧನಕಾರ ರಿಕ್ ಬೇಕರ್‌ಗೆ ಹೇಳಿಟ್ಟಿದ್ದ. ಹಣ ಸಿಗಲಿಲ್ಲ. ವರ್ಷಗಳು ಉರುಳಿದವು. ಬೇಕರ್ ಅದೇ ತಂತ್ರಗಳನ್ನು ಜೋ ಡಾಂಟೆಯ 'ದ ಹೌಲಿಂಗ್' ಚಿತ್ರಕ್ಕೆ ಬಳಸಲು ಹೊರಟಾಗಲೇ ಲ್ಯಾಂಡಿಸ್‌ಗೆ ಹಣ ದೊರೆಯಿತು. ಬೇಕರ್ ಲ್ಯಾಂಡಿಸ್‌ನ ಕಡೆಗೆ ಬಂದ. 'ದ ಹೌಲಿಂಗ್' ಅವನ ಶಿಷ್ಯ, ಇಪ್ಪತ್ತರ ಹರೆಯದ ರಾಬ್ ಬೋಟಿನ್ ಪಾಲಿಗೆ ಬಂತು. ಗುರುಶಿಷ್ಯರ ಎರಡೂ ಚಿತ್ರಗಳು 1981ರಲ್ಲೇ ತೆರೆ ಕಂಡವು.

ಬೋಟಿನ್ ಬಳಸಿದ್ದು ಗಾಳಿಚೀಲಗಳನ್ನು. ನಟನ ಮುಖಕ್ಕೆ ಅಂಟಿಸಿದ ತೆಳು ರಬ್ಬರಿನ ಚರ್ಮದಡಿ ಪುಟ್ಟ ಚೀಲಗಳನ್ನು ಹುದುಗಿಸಿ, ಕ್ಯಾಮೆರಾಕ್ಕೆ ಕಾಣದಂತೆ ಕೊಳವೆಗಳ ಮೂಲಕ ಗಾಳಿ ತುಂಬಿದರೆ ಚರ್ಮದೊಳಗೆ ಏನೋ ಕುದಿಯುತ್ತಿರುವಂತೆ ತೋರುತ್ತದೆ. ಆ ಚಿತ್ರದ ಕೊನೆ ಸುದ್ದಿಮನೆಯವರಿಗೆ ವಿಶೇಷವಾಗಿ ನಾಟುವಂಥದ್ದು. ಟಿವಿ ವಾರ್ತಾವಾಚಕಿಯೊಬ್ಬಳು ಸತ್ಯವನ್ನು ಸಾಬೀತುಮಾಡಲು ನೇರಪ್ರಸಾರದಲ್ಲೇ ತೋಳವಾಗಿ ಮಾರ್ಪಟ್ಟು, ಗುಂಡೇಟಿಗೆ ಬಲಿಯಾಗುತ್ತಾಳೆ. ನೋಡುತ್ತಿದ್ದವರಲ್ಲಿ ಹಲವರು ಅದನ್ನು ಸಿನಿಮಾ ಕೈಚಳಕವೆಂದು ತಳ್ಳಿಹಾಕಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಲ್ಯಾಂಡಿಸ್‌ನ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ನಲ್ಲಿ ಡೇವಿಡ್ ಎಂಬ ಅಮೆರಿಕದ ಯಹೂದಿ ಯುವಕ ಲಂಡನ್‌ನ ಸಾಮಾನ್ಯ ಮನೆಯೊಂದರ ನಡುಕೋಣೆಯಲ್ಲಿ, ವಿದ್ಯುದ್ದೀಪ ಉರಿಯುತ್ತಿರುವಾಗಲೇ, ನೆಲಕ್ಕೆ ಬಿದ್ದು ಒದ್ದಾಡುತ್ತ ತೋಳವಾಗುತ್ತಾನೆ. ಹಿನ್ನೆಲೆಯಲ್ಲಿ ಇಂಪಾದ ಪ್ರೇಮಗೀತೆ! ಅಂಗೈ ಉದ್ದವಾಗುತ್ತದೆ, ಬೆನ್ನುಮೂಳೆ ಉಬ್ಬುತ್ತದೆ, ದವಡೆ ಮುಂದಕ್ಕೆ ಚಾಚುತ್ತದೆ. ಹಿಗ್ಗುವ ಕೃತಕ ಚರ್ಮದ ತಲೆ, ಕೈಗಳನ್ನು ತಯಾರಿಸಿ, ಅವುಗಳನ್ನು ಒಳಗಿನಿಂದ ಯಾಂತ್ರಿಕವಾಗಿ ತಳ್ಳಿ ಬೇಕರ್ ಇದನ್ನು ಸಾಧಿಸಿದ. ಕೂದಲು ಮೊಳೆಯುವುದನ್ನು ತೋರಿಸಿದ ಬಗೆ ಇನ್ನೂ ಸರಳ: ಕೃತಕ ಚರ್ಮದ ಮೇಲಿನ ಕೂದಲನ್ನು ಒಳಕ್ಕೆ ಎಳೆದು ಚಿತ್ರೀಕರಿಸಿ, ಫಿಲ್ಮನ್ನು ಹಿಂದುಮುಂದಾಗಿ ಓಡಿಸುವುದು. ಒಂದು ಹಂತದಲ್ಲಿ ನಟ ಡೇವಿಡ್ ನಾಟನ್‌ನ ಅರ್ಧ ದೇಹ ಎತ್ತರಿಸಿದ ನೆಲದ ಕೆಳಗೆ ಅಡಗಿದೆ. ಮೇಲೆ ಕಾಣುವುದು ಸುಳ್ಳು ಮೈ. ಮೂರು ನಿಮಿಷಕ್ಕೂ ಕಡಿಮೆಯ ಈ ದೃಶ್ಯ ನೋಡಿದವರಿಗೆ ಭಯಕ್ಕಿಂತ ಮೊದಲು ಕನಿಕರ ಹುಟ್ಟುತ್ತದೆ. ಸಿಯೋಡ್ಮಾಕ್ ಮಾತಿನಲ್ಲಿ ಹೇಳಿದ್ದನ್ನು ಬೇಕರ್ ಮೂಳೆ ಮಾಂಸಗಳಲ್ಲಿ ತೋರಿಸಿದ.

ಇದೇ ಚಿತ್ರದಲ್ಲಿ ಡೇವಿಡ್‌ಗೊಂದು ದುಃಸ್ವಪ್ನ ಬೀಳುತ್ತದೆ. ನಾಜಿ ಸಮವಸ್ತ್ರ ತೊಟ್ಟ ರಾಕ್ಷಸರು ಮನೆಗೆ ನುಗ್ಗಿ ಅವನ ಕುಟುಂಬವನ್ನು ಕೊಲ್ಲುತ್ತಾರೆ. ಮುಂದಿನ ಕಥೆಗೆ ಅದರ ಅಗತ್ಯವೇ ಇಲ್ಲ. ಆದರೂ ನಲವತ್ತು ವರ್ಷಗಳ ಹಿಂದೆ 'ದ ವುಲ್ಫ್ ಮ್ಯಾನ್'ನಲ್ಲಿ ಬಾಯಿಬಿಟ್ಟು ಹೇಳದೆ ಉಳಿದದ್ದು ಇಲ್ಲಿ ಹೊರಬಿದ್ದಂತಿದೆ.

ಅತ್ಯುತ್ತಮ ಪ್ರಸಾಧನಕ್ಕೆ ಪ್ರತಿವರ್ಷದ ಆಸ್ಕರ್ ಪ್ರಶಸ್ತಿ ಆರಂಭವಾದದ್ದು 1982ರ ಸಮಾರಂಭದಲ್ಲಿ. ಅದರ ಮೊದಲ ವಿಜೇತ ರಿಕ್ ಬೇಕರ್. ಜ್ಯಾಕ್ ಪಿಯರ್ಸ್ ಬದುಕಿದ್ದಾಗ ಅಂಥ ವಿಭಾಗವೇ ಇರಲಿಲ್ಲ. ಚಿತ್ರ ನೋಡಿ ಬೆರಗಾದ ಮೈಕೇಲ್ ಜಾಕ್ಸನ್ ಲ್ಯಾಂಡಿಸ್ ಮತ್ತು ಬೇಕರ್ ಇಬ್ಬರನ್ನೂ ಕರೆಸಿ 1983ರಲ್ಲಿ 'ಥ್ರಿಲ್ಲರ್' ಗೀತಚಿತ್ರ ಮಾಡಿಸಿದ. ಹಳದಿ ಕಣ್ಣಿನ ಜಾಕ್ಸನ್‌ನನ್ನು ನೋಡಿ ಬೆಳೆದ ಭಾರತೀಯ ಪೀಳಿಗೆ ಒಂದಿಡೀ ಇದೆ. ತೆಲುಗಿನಲ್ಲಿ ಚಿರಂಜೀವಿಯ 1985ರ 'ದೊಂಗ' ಅದನ್ನು ಹೆಜ್ಜೆಹೆಜ್ಜೆಗೂ ಅನುಕರಿಸಿತು.

ಹೆಣ್ಣು, ಹುಲಿ, ಕಾಡು

ನಂತರದ ಎರಡು ದಶಕಗಳಲ್ಲಿ ಚಿತ್ರಗಳಿಗೆ ಬರವಿರಲಿಲ್ಲ. ಜ್ಯಾಕ್ ನಿಕಲ್ಸನ್ ನಟಿಸಿದ 1994ರ 'ವುಲ್ಫ್' ಕಚೇರಿ ರಾಜಕೀಯದೊಳಗೆ ತೋಳವನ್ನು ಬಿಟ್ಟಿತು. ಅವುಗಳ ನಡುವೆ ನಿಜಕ್ಕೂ ಹೊಸದನ್ನು ಹೇಳಿದವು ಹೆಣ್ಣುಮಕ್ಕಳ ಕಥೆಗಳು. ಆ್ಯಂಜೆಲಾ ಕಾರ್ಟರ್ ಕಥೆಯನ್ನಾಧರಿಸಿ ನೀಲ್ ಜೋರ್ಡಾನ್ ನಿರ್ದೇಶಿಸಿದ 1984ರ 'ದ ಕಂಪನಿ ಆಫ್ ವುಲ್ವ್ಸ್' ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ತಿರುವುಮುರುವು ಮಾಡಿತು. ಕೆನಡಾದ 'ಜಿಂಜರ್ ಸ್ನ್ಯಾಪ್ಸ್' 2000ದ್ದು. ಅದರಲ್ಲಿ ತೋಳದ ಕಡಿತ ಮತ್ತು ಮೊದಲ ಮುಟ್ಟು ಒಂದೇ ರಾತ್ರಿ ಸಂಭವಿಸುತ್ತವೆ. ತಿಂಗಳಿಗೊಮ್ಮೆ ಮೈ ಬದಲಾಗುವುದೆಂದರೇನು ಎಂದು ಗಂಡಸರ ಚಿತ್ರಗಳು ಅಷ್ಟು ವರ್ಷ ಸುತ್ತಿ ಬಳಸಿ ಹೇಳಿದ್ದನ್ನು ಇಬ್ಬರು ಅಕ್ಕತಂಗಿಯರ ಈ ಕಥೆ ಮುಖಕ್ಕೆ ಹೊಡೆದಂತೆ ಹೇಳಿತು.

ಭಾರತದಲ್ಲಿ ಮನುಷ್ಯನೊಳಗೆ ಹೊಕ್ಕದ್ದು ಹೆಚ್ಚಾಗಿ ಹುಲಿ. ಮನುಷ್ಯ ಹುಲಿಯಾಗುವ ನಂಬಿಕೆ ನಾಗಾ ಸಮುದಾಯಗಳಲ್ಲಿ ದಾಖಲಾಗಿದೆ. ಮಹೇಶ್ ಭಟ್ ನಿರ್ದೇಶನದ 1992ರ ಹಿಂದಿ ಚಿತ್ರ 'ಜುನೂನ್' ಲ್ಯಾಂಡಿಸ್‌ನ ಕಥೆಗೆ ಬಹುವಾಗಿ ಋಣಿಯಾದರೂ ತೋಳದ ಜಾಗದಲ್ಲಿ ಹುಲಿಯನ್ನಿಟ್ಟಿತು. ಹುಣ್ಣಿಮೆಗೆ ರಾಹುಲ್ ರಾಯ್ ಹುಲಿಯಾದ. ತೋಳವೇ ಬಂದದ್ದು 2022ರ 'ಭೇಡಿಯಾ'ದಲ್ಲಿ. ಅಮರ್ ಕೌಶಿಕ್ ನಿರ್ದೇಶನದ ಈ ಚಿತ್ರ ನಡೆಯುವುದು ಅರುಣಾಚಲ ಪ್ರದೇಶದ ಜೀರೋದಲ್ಲಿ. ಕಾಡು ಕಡಿದು ರಸ್ತೆ ಮಾಡಲು ಬಂದ ಗುತ್ತಿಗೆದಾರನನ್ನೇ ತೋಳ ಕಚ್ಚುತ್ತದೆ. ಇಲ್ಲಿ ನಾಯಕ ಪೂರ್ತಿ ನಿರಪರಾಧಿಯಲ್ಲ ಎಂಬುದು ಗಮನಾರ್ಹ. ಶಾಪಕ್ಕೊಂದು ಕಾರಣ ಬೇಕೆನ್ನುವ ನಮ್ಮ ಕಥನದ ಹಳೆಯ ಅಭ್ಯಾಸ ಹಾಲಿವುಡ್‌ನ ನಿಯಮವನ್ನು ಸದ್ದಿಲ್ಲದೆ ತಿದ್ದಿಕೊಂಡಿದೆ.

ಕಂಪ್ಯೂಟರ್ ಬಂದ ಮೇಲೆ

'ಭೇಡಿಯಾ'ದ ತೋಳ ಕಂಪ್ಯೂಟರ್ ಗ್ರಾಫಿಕ್ಸ್‌ನ ಸೃಷ್ಟಿ. ಹಾಲಿವುಡ್ ಆ ಹಾದಿ ಹಿಡಿದು ಬಹಳ ಕಾಲವಾಗಿತ್ತು. ಲ್ಯಾಂಡಿಸ್ ಚಿತ್ರದ ಮುಂದುವರಿಕೆ ಎಂಬಂತೆ 1997ರಲ್ಲಿ ಬಂದ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಪ್ಯಾರಿಸ್'ನ ಕಂಪ್ಯೂಟರ್ ತೋಳಗಳನ್ನು ವಿಮರ್ಶಕರು ಗೇಲಿ ಮಾಡಿದರು. ಯೂನಿವರ್ಸಲ್ 2010ರಲ್ಲಿ ತನ್ನ ಹಳೆಯ ಚಿತ್ರವನ್ನೇ 'ದ ವುಲ್ಫ್‌ಮ್ಯಾನ್' ಎಂದು ಮರುನಿರ್ಮಿಸಿತು. ಸುಮಾರು 15 ಕೋಟಿ ಡಾಲರ್ ವೆಚ್ಚದ ಆ ಚಿತ್ರ ವಾಣಿಜ್ಯಿಕವಾಗಿ ಸೋತಿತು. ನಾಯಕ ಬೆನಿಸಿಯೋ ಡೆಲ್ ಟೋರೋಗೆ ಪಿಯರ್ಸ್ ಮಾದರಿಯ ಮುಖ ಕೊಡಲು ಬಂದವನು ಪಿಯರ್ಸ್‌ನ ಆರಾಧಕನೇ ಆಗಿದ್ದ ರಿಕ್ ಬೇಕರ್. ಆದರೆ ಮನುಷ್ಯ ತೋಳವಾಗುವ ದೃಶ್ಯಗಳನ್ನು ಅವನ ಕೈಗೆ ಕೊಡದೆ ಕಂಪ್ಯೂಟರಿಗೆ ಒಪ್ಪಿಸಲಾಯಿತು. ಆ ಚಿತ್ರ ಬೇಕರ್‌ಗೆ ಏಳನೆಯ ಆಸ್ಕರ್ ತಂದುಕೊಟ್ಟಿತು ಎಂಬುದು ವಿಪರ್ಯಾಸ. 2015ರಲ್ಲಿ ಅವನು ನಿವೃತ್ತಿ ಘೋಷಿಸಿ, ತನ್ನ ಸಂಗ್ರಹದ ಬಹಳಷ್ಟನ್ನು ಹರಾಜು ಹಾಕಿದ. ಈಗಿನವರಿಗೆ ಕೆಲಸ ಅಗ್ಗವಾಗಿಯೂ ಬೇಗನೆಯೂ ಆಗಬೇಕು, ತನಗೆ ಅದು ಸರಿಯಾಗಿ ಆಗಬೇಕು ಎಂಬುದು ಅವನು ಕೊಟ್ಟ ಕಾರಣದ ಸಾರ. ಪಿಯರ್ಸ್‌ನನ್ನು ಸ್ಟುಡಿಯೋ ಕೈಬಿಟ್ಟದ್ದೂ ಇಂಥದೇ ಲೆಕ್ಕಕ್ಕೆ.

ಹಾಗೆಂದು ಕೂದಲು, ರಬ್ಬರುಗಳ ಕಾಲ ಮುಗಿದಿಲ್ಲ. 2025ರ ಜನವರಿಯಲ್ಲಿ ಬಿಡುಗಡೆಯಾದ ಲೀ ವಾನೆಲ್ ನಿರ್ದೇಶನದ 'ವುಲ್ಫ್ ಮ್ಯಾನ್'ನಲ್ಲಿ ನಟ ಕ್ರಿಸ್ಟೋಫರ್ ಆಬಟ್‌ನ ರೂಪಾಂತರವನ್ನು ಬಹುಪಾಲು ಪ್ರಸಾಧನದಿಂದಲೇ ಮಾಡಲಾಗಿದೆ. ಅದೊಂದು ಕ್ಷಣದಲ್ಲಿ ಮುಗಿಯುವುದೂ ಇಲ್ಲ. ರಾತ್ರಿಯಿಡೀ, ಉಲ್ಬಣಿಸುವ ಕಾಯಿಲೆಯಂತೆ ನಡೆಯುತ್ತದೆ. ಹಲ್ಲು ಉದುರುತ್ತದೆ, ಮಾತು ಹೋಗುತ್ತದೆ. ಕ್ಯಾಮೆರಾ ಅವನ ಕಡೆ ಬಂದಾಗ ಹೆಂಡತಿ ಮಗಳ ಮಾತು ನಮಗೂ ಅರ್ಥವಾಗದ ಸದ್ದಾಗುತ್ತದೆ. ಅವರ ಕಡೆ ಸರಿದಾಗ ಅವನ ಮಾತು ಬರಿಯ ಗುರುಗುಟ್ಟುವಿಕೆ. ಚಿತ್ರಕ್ಕೆ ಮಿಶ್ರ ಪ್ರತಿಕ್ರಿಯೆ ದೊರೆಯಿತಾದರೂ ಈ ಒಂದು ಕಲ್ಪನೆಯನ್ನು ಬಹುತೇಕ ಎಲ್ಲರೂ ಮೆಚ್ಚಿದರು. ಅದರಲ್ಲಿ ಬೆಳ್ಳಿಯೂ ಇಲ್ಲ, ಹುಣ್ಣಿಮೆಯ ಕಟ್ಟುಪಾಡೂ ಇಲ್ಲ.

ಅದೇ ತಿಂಗಳು ಇನ್ನೊಂದು ಪ್ರಕಟಣೆಯೂ ಹೊರಬಿತ್ತು. 'ನೊಸ್ಫೆರಾಟು' ಖ್ಯಾತಿಯ ರಾಬರ್ಟ್ ಎಗರ್ಸ್ 'ವೇರ್‌ವುಲ್ಫ್' ಎಂಬ ಚಿತ್ರ ನಿರ್ದೇಶಿಸುವುದಾಗಿಯೂ, ಬಿಡುಗಡೆಯ ದಿನಾಂಕ 2026ರ ಡಿಸೆಂಬರ್ 25 ಎಂದೂ ಪ್ರಕಟಿಸಲಾಯಿತು. ಕಥೆ ನಡೆಯುವುದು ಹದಿಮೂರನೇ ಶತಮಾನದ ಇಂಗ್ಲೆಂಡ್‌ನಲ್ಲಿ. ಆ ಶತಮಾನದ ಇಂಗ್ಲೆಂಡ್‌ನಲ್ಲಿ ಬೆಳ್ಳಿಯ ಗುಂಡು ಹಾರಿಸೋಣವೆಂದರೆ ಬಂದೂಕೇ ಇರಲಿಲ್ಲ.